ಚಕ್ರವ್ಯೂಹದೊಳಗಿನ ಇಲಿ

ಮಕ್ಕಳೇ, ಈ ಸಲ ಒಂದು ಇಲಿಯ ಸುದ್ದಿ. ಬಾಲ ಇಲ್ಲ, ಮೀಸೆಯೂ ಇಲ್ಲ. ಎರಡು ಮೋಟಾರು, ನಾಲ್ಕಾರು ಸೆನ್ಸರು, ಒಂದು ಬ್ಯಾಟರಿ, ಲೆಕ್ಕ ಮಾಡಲು ಒಂದು ಚಿಪ್, ಇಷ್ಟೇ ಅದರ ದೇಹ. ಹೆಸರು ಮೈಕ್ರೋಮೌಸ್. ಇಂಜಿನಿಯರಿಂಗ್ ವಿದ್ಯಾರ್ಥಿಗಳು ತಂಡ ಕಟ್ಟಿಕೊಂಡು ಇದನ್ನು ತಯಾರಿಸಿ ಸ್ಪರ್ಧೆಗೆ ಒಯ್ಯುತ್ತಾರೆ.

ಸ್ಪರ್ಧೆಯ ಅಂಗಣದಲ್ಲಿ 16 ಸಾಲು, ಸಾಲಿಗೆ 16 ಮನೆ, ಒಟ್ಟು 256. ಒಂದೊಂದು ಮನೆ 18 ಸೆಂ.ಮೀ. ಅಗಲ, ಗೋಡೆ 5 ಸೆಂ.ಮೀ. ಎತ್ತರ. ಮೂಲೆಯಿಂದ ಹೊರಟು ನಟ್ಟನಡುವಿನ ನಾಲ್ಕು ಮನೆಗಳನ್ನು ಸೇರಬೇಕು. ರಿಮೋಟ್ ಹಿಡಿಯುವ ಹಾಗಿಲ್ಲ. ಒಳಗೆ ಗೋಡೆ ಎಲ್ಲೆಲ್ಲಿ ಉಂಟೆಂದು ಇಲಿಗೂ ಗೊತ್ತಿಲ್ಲ, ಅದನ್ನು ಮಾಡಿದವರಿಗೂ ಗೊತ್ತಿಲ್ಲ.

ನೀವಾದರೆ ಎಂತ ಮಾಡ್ತೀರಿ? ಬಲಗೈಯನ್ನು ಗೋಡೆಗೆ ತಾಗಿಸಿಕೊಂಡೇ ನಡೆಯಬಹುದು, ಅಲ್ವಾ? 1979ರಲ್ಲಿ ನ್ಯೂಯಾರ್ಕ್‌ನಲ್ಲಿ ನಡೆದ ಸ್ಪರ್ಧೆಯಲ್ಲಿ ಹೀಗೆ ಗೋಡೆ ಸವರಿಕೊಂಡು ಓಡಿದ ಇಲಿಯೊಂದು ಬುದ್ಧಿವಂತ ಇಲಿಗಳನ್ನೇ ಹಿಂದೆ ಹಾಕಿತು! ಆಮೇಲಿನ ಸ್ಪರ್ಧೆಗಳಲ್ಲಿ ಗುರಿಯನ್ನು ನಡುವಿಗೆ ತಂದರು. ನಡುವಿನ ಗೋಡೆಗಳು ಹೊರಗೋಡೆಗೆ ಅಂಟದೆ ದ್ವೀಪದ ಹಾಗೆ ನಿಂತರೆ, ಗೋಡೆ ಸವರುವ ಇಲಿ ಸುತ್ತು ಹಾಕಿ ಹೊರಟಲ್ಲಿಗೇ ವಾಪಸು ಬರುತ್ತದೆ.

ಹಾಗಾದರೆ ದಾರಿ? ತೋಟದ ಕಣಿಗೆ ನೀರು ಬಿಟ್ಟದ್ದನ್ನು ನೆನಪು ಮಾಡಿಕೊಳ್ಳಿ. ಗುರಿಯ ನಾಲ್ಕು ಮನೆಗಳಿಗೆ 0 ಬರೆಯಿರಿ. ಅಲ್ಲಿಂದ ನೀರು ಹರಿಯಿತು ಎಂದುಕೊಳ್ಳಿ. ಪಕ್ಕದ ಮನೆಗಳಿಗೆ 1, ಅವುಗಳ ಪಕ್ಕಕ್ಕೆ 2. ಓರೆಯಾಗಿ ಹೋಗುವಂತಿಲ್ಲ. ಗೋಡೆಯೇ ಇಲ್ಲದಿದ್ದರೆ ಮೂಲೆಯ ಮನೆಗೆ 14 ಬರುತ್ತದೆ, ಚೌಕದ ಪುಸ್ತಕದಲ್ಲಿ ಬರೆದು ನೋಡಿ. ಗೋಡೆಯೇ ಇಲ್ಲವೆಂದು ನಂಬಿಕೊಂಡೇ ಇಲಿ ಹೊರಡುತ್ತದೆ, ಪ್ರತಿ ಸಲವೂ ಚಿಕ್ಕ ಸಂಖ್ಯೆಯ ಮನೆಗೆ ಹೋಗುತ್ತದೆ. ಗೋಡೆ ಎದುರಾಯಿತೋ, ಅದನ್ನು ಗುರುತು ಹಾಕಿಕೊಂಡು ಸಂಖ್ಯೆಗಳನ್ನೆಲ್ಲ ಮತ್ತೆ ಲೆಕ್ಕ ಹಾಕುತ್ತದೆ. ಮೊದಲು ನಿಧಾನವಾಗಿ ಹುಡುಕಾಟ, ಆಮೇಲೆ ಕಲಿತ ದಾರಿಯಲ್ಲಿ ಓಟ.

ಲೆಕ್ಕ ಸರಿಯಿದ್ದರೆ ಸಾಲದು, ಕಣ್ಣೂ ಸರಿಯಿರಬೇಕು. ನಮ್ಮ ಒಂಬತ್ತನೇ ಕ್ಲಾಸಿನ ಮಕ್ಕಳು ಕಪ್ಪು ಗೆರೆಯ ಮೇಲೆ ಓಡುವ ಪುಟ್ಟ ಕಾರು ಮಾಡಿದ್ದರು. ಲ್ಯಾಬಿನಲ್ಲಿ ಚಂದ ಓಡಿತು. ಮೇಳದಲ್ಲಿ ಕಿಟಕಿ ಪಕ್ಕದ ಮೇಜು ಸಿಕ್ಕಿತು, ಕಾರು ಗೆರೆ ಬಿಟ್ಟು ಎಲ್ಲೆಲ್ಲೋ ಹೋಯಿತು. "ಪ್ರೋಗ್ರಾಂ ತಪ್ಪಿದೆ" ಎಂದು ತೀರ್ಪುಗಾರರು ಮುಂದಿನ ಮೇಜಿಗೆ ನಡೆದರು. ಬರೆದ ಹುಡುಗಿ ಕಣ್ಣೊರೆಸಿಕೊಂಡು ಹೇಳಿದಳು, "ಟೀಚರ್, ನಿನ್ನೆ ಇದೇ ಪ್ರೋಗ್ರಾಂ ಓಡಿದ್ದಲ್ವಾ?"

ಅವಳು ಹೇಳಿದ್ದೇ ಸರಿ. ಗೆರೆ ನೋಡುವ ಸೆನ್ಸರು ಅವಗೆಂಪು ಬೆಳಕು ಬಿಟ್ಟು, ಅದು ತಿರುಗಿ ಬರುವುದನ್ನು ಅಳೆಯುತ್ತದೆ. ಬಿಳಿಯಿಂದ ಹೆಚ್ಚು, ಕಪ್ಪಿನಿಂದ ಕಡಿಮೆ. ಬಿಸಿಲಿನಲ್ಲೂ ಅವಗೆಂಪು ಕಿರಣ ಧಾರಾಳ ಉಂಟು. ಹಾಗಾಗಿ ಕಪ್ಪು ಗೆರೆಯೂ ಬಿಳಿಯಾಗಿಯೇ ಕಂಡಿತು. ಮೈಕ್ರೋಮೌಸ್ ಮಾಡುವವರು ದೀಪ ಆರಿಸಿ ಒಮ್ಮೆ, ಹೊತ್ತಿಸಿ ಒಮ್ಮೆ ಅಳೆದು, ಎರಡನ್ನೂ ಕಳೆಯುತ್ತಾರೆ. ಉಳಿದದ್ದು ತಮ್ಮದೇ ದೀಪದ ಬೆಳಕು. ನಮ್ಮವರು ಕಪ್ಪು ಚಾರ್ಟ್ ಪೇಪರಿನಿಂದ ಸೆನ್ಸರಿಗೊಂದು ಗೂಡು ಕಟ್ಟಿದರು. ಮರುವಾರ ಮಧ್ಯಾಹ್ನದ ಬಿಸಿಲಿಗೆ ಜಗಲಿಯಲ್ಲಿ ಬಿಟ್ಟು ನೋಡಿದೆವು, ಗೆರೆ ಬಿಡಲಿಲ್ಲ.

ಈಗ ಬೇರೊಂದು ತಲೆನೋವು. "ಅರ್ಧ ಸೆಕೆಂಡು ತಿರುಗು" ಎಂದು ಬರೆದಿದ್ದೇವೆ. ಬೆಳಿಗ್ಗೆ ಹೊಸ ಬ್ಯಾಟರಿಯಲ್ಲಿ ಸರಿಯಾಗಿ ತಿರುಗುವ ಕಾರು ಸಂಜೆಗೆ ಅರ್ಧಂಬರ್ಧ ತಿರುಗುತ್ತದೆ. ಚಕ್ರಕ್ಕೆ ಕಪ್ಪು-ಬಿಳಿ ಪಟ್ಟೆಯ ಬಿಲ್ಲೆ ಅಂಟಿಸುತ್ತಿದ್ದಾರೆ. ಯಾಕಿರಬಹುದು? ಯೋಚಿಸಿ ಬರೆಯಿರಿ.