ಬಂಡೆ ಬಿರುಕಿನ ಹೂವಿಗೊಂದು ಜನಗಣತಿ



ಕಳೆದ ಚಳಿಗಾಲದಲ್ಲಿ ನಮ್ಮ ಬಳಗ ಓದಿಗೆ ಎತ್ತಿಕೊಂಡದ್ದು ಬಿ.ಜಿ.ಎಲ್. ಸ್ವಾಮಿಯವರ 'ಹಸುರು ಹೊನ್ನು'. 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಈ ಪುಸ್ತಕದಲ್ಲಿ ಮೇಷ್ಟ್ರು ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಕಾಡುಮೇಡು ಅಲೆಯುತ್ತಾರೆ, ಗಿಡ ಗುರುತಿಸುತ್ತಾರೆ, ನಡುನಡುವೆ ನಗಿಸುತ್ತಾರೆ. ಓದಿ ಮುಗಿಸಿದಾಗ ನಮ್ಮಲ್ಲೊಂದು ಪ್ರಶ್ನೆ ಉಳಿಯಿತು. ಸಿಯಾಟಲ್‌ನಿಂದ ದಿನವೂ ಕಾಣುವ ಒಲಿಂಪಿಕ್ ಬೆಟ್ಟಗಳಲ್ಲಿ ಇಂಥ ಅಲೆದಾಟ ಯಾರು ಮಾಡುತ್ತಾರೆ, ಯಾತಕ್ಕೆ? ಈ ಬೇಸಿಗೆಯಲ್ಲಿ ಅಲ್ಲಿನ ಹರಿಕೇನ್ ರಿಡ್ಜ್‌ಗೆ ಹೋಗಿ ಬಂದೆವು. ನೋಡಿದ್ದು, ಓದಿ ತಿಳಿದುಕೊಂಡದ್ದು ಎರಡೂ ಇಲ್ಲಿವೆ.

ಒಲಿಂಪಿಕ್ ರಾಷ್ಟ್ರೀಯ ಉದ್ಯಾನ ಸ್ಥಾಪನೆಯಾದದ್ದು 1938ರಲ್ಲಿ. ಈ ಬೆಟ್ಟಸೀಮೆಗೆ ಮೂರು ಕಡೆ ನೀರು. ಹಿಮಯುಗದಲ್ಲಿ ಉತ್ತರದಿಂದ ಇಳಿದು ಬಂದ ಹಿಮರಾಶಿ ಬೆಟ್ಟಗಳ ಬುಡವನ್ನು ಬಳಸಿ ಹರಿದಾಗ, ಎತ್ತರದ ಏಣುಗಳು ಮಾತ್ರ ದ್ವೀಪಗಳಂತೆ ಮೇಲೆ ಉಳಿದವು. ಅಲ್ಲಿ ಸಿಕ್ಕಿಕೊಂಡ ಗಿಡಗಳು ಬಂಧುಬಳಗದಿಂದ ದೂರವಾಗಿ, ಕಾಲಕ್ರಮದಲ್ಲಿ ತಮ್ಮದೇ ಜಾತಿಗಳಾದವು. ಬಂಡೆ ಬಿರುಕಿನಲ್ಲಿ ಅರಳುವ ಫ್ಲೆಟ್ಸ್ ವಯೊಲೆಟ್, ನಮ್ಮ ಅವರೆ ಹುರುಳಿಯ ಕುಟುಂಬಕ್ಕೆ ಸೇರಿದ ಒಲಿಂಪಿಕ್ ಮೌಂಟನ್ ಮಿಲ್ಕ್‌ವೆಚ್ ಇವುಗಳಿಗೆ ಪ್ರಪಂಚದಲ್ಲಿ ಬೇರೆ ವಿಳಾಸವೇ ಇಲ್ಲ!

ಇವನ್ನು ಎಣಿಸುವುದಕ್ಕೆ ಸಿಗುವ ಕಾಲ ತೀರ ಕಡಿಮೆ. ಹಿಮ ಕರಗಿ ಏಣುಗಳು ಬಯಲಾಗುವುದು ಜುಲೈ ಹೊತ್ತಿಗೆ. ಸೆಪ್ಟೆಂಬರಿನಲ್ಲಿ ಮತ್ತೆ ಹಿಮ ಬೀಳಬಹುದು. ಹೂವೋ ಕಾಯೋ ಇದ್ದಾಗಲೇ ಹೋಗಬೇಕು, ಇಲ್ಲದಿದ್ದರೆ ಅಕ್ಕತಂಗಿಯರಂತಿರುವ ಎರಡು ಜಾತಿಗಳನ್ನು ಬೇರ್ಪಡಿಸುವುದು ಕಷ್ಟ. ಹೊರಡುವ ಮೊದಲು ಹಳೆಯ ದಾಖಲೆ ತೆಗೆಯುತ್ತಾರೆ. ಎಂದೋ ಯಾರೋ ಒಣಗಿಸಿ ಹಾಳೆಗೆ ಅಂಟಿಸಿಟ್ಟ ಗಿಡ, ಪಕ್ಕದಲ್ಲಿ ಅದು ಸಿಕ್ಕ ಜಾಗ, ತಾರೀಖು. ಆ ಒಂದು ಸಾಲಿನ ಆಧಾರದ ಮೇಲೆ ಬೆನ್ನಿಗೆ ಚೀಲ ಹೊತ್ತು ಬೆಟ್ಟ ಏರುತ್ತಾರೆ.

ಗಿಡ ಸಿಕ್ಕಿತೆನ್ನಿ. ಜಿಪಿಎಸ್‌ನಲ್ಲಿ ಜಾಗ ಗುರುತಿಸಿ, ಎತ್ತರ, ಇಳಿಜಾರು ಯಾವ ದಿಕ್ಕಿಗಿದೆ, ಮಣ್ಣೋ ಕಲ್ಲೋ, ಒಟ್ಟು ಗಿಡ ಎಷ್ಟು, ಹೂವಿರುವುದೆಷ್ಟು, ಎಳೆ ಸಸಿ ಎಷ್ಟು ಎಂದೆಲ್ಲ ನಮೂನೆಯಲ್ಲಿ ತುಂಬುತ್ತಾರೆ. ಎಳೆ ಸಸಿಯ ಅಂಕಿ ಬಹಳ ಮುಖ್ಯ. ಹಳೆಯ ಗಿಡ ನೂರಿದ್ದು ಸಸಿ ಒಂದೂ ಇಲ್ಲದಿದ್ದರೆ ಅದು ವೃದ್ಧರೇ ಉಳಿದ ಊರಿನ ಹಾಗೆ. ಇನ್ನು ಗಿಡ ಸಿಗಲೇ ಇಲ್ಲವೆನ್ನಿ. ಎಲ್ಲಿ, ಎಷ್ಟು ಹೊತ್ತು ಹುಡುಕಿದೆವು ಎಂಬುದನ್ನೂ ಬರೆಯಬೇಕು. 'ಹೋಗಿ ನೋಡಲಿಲ್ಲ' ಎನ್ನುವುದಕ್ಕೂ 'ಹೋಗಿ ನೋಡಿದೆವು, ಇರಲಿಲ್ಲ' ಎನ್ನುವುದಕ್ಕೂ ಅಜಗಜಾಂತರ. ಎರಡನೆಯದನ್ನು ಬರೆದಿಟ್ಟರೆ ಮಾತ್ರ, ಮುಂದೆ ಬರುವವರಿಗೆ ಒಂದು ಗಿಡ ಕಳೆದುಹೋದದ್ದು ಯಾವಾಗ ಎಂದು ಗೊತ್ತಾಗುವುದು.

ಈ ಲೆಕ್ಕದಿಂದ ಆಗುವುದೇನು? ಒಂದು ಉದಾಹರಣೆ ಸಾಕು. ಉದ್ಯಾನವಾಗುವ ಮುಂಚೆ, 1920ರ ದಶಕದಲ್ಲಿ, ಬೇಟೆಯ ಆಸೆಗೆ ಹತ್ತು ಹನ್ನೆರಡು ಬೆಟ್ಟದ ಮೇಕೆಗಳನ್ನು ಹೊರಗಿನಿಂದ ತಂದು ಇಲ್ಲಿ ಬಿಟ್ಟರು. 1980ರ ದಶಕದ ಆರಂಭಕ್ಕೆ ಅವು ಸಾವಿರ ದಾಟಿದವು. ಉಪ್ಪಿನಂಶಕ್ಕಾಗಿ ನೆಲ ಕೆರೆಯುವುದು, ಹೊರಳಾಡುವುದು, ಮೇಯುವುದು ಹೀಗೆ ಏಣುಗಳ ತೆಳು ಮಣ್ಣನ್ನೇ ಕೆಡಿಸಿದವು. ಮಿಲ್ಕ್‌ವೆಚ್‌ಗೂ ಪೆಟ್ಟು ಬಿತ್ತು. ಗಿಡ ಎಣಿಸಿದವರ ಹಲವು ವರ್ಷಗಳ ಬರಹ ಇಲ್ಲದಿದ್ದರೆ, ಮುದ್ದಾದ ಬಿಳಿ ಮೇಕೆಯ ಎದುರು ಗೇಣುದ್ದದ ಗಿಡದ ಪರ ವಾದಿಸುವವರು ಯಾರು? ಕೊನೆಗೆ 2018ರಿಂದ 2020ರವರೆಗೆ 325 ಮೇಕೆಗಳನ್ನು ಹೆಲಿಕಾಪ್ಟರಿನಲ್ಲಿ ಹೊತ್ತು ತಂದು, ಅವುಗಳ ಮೂಲ ನೆಲೆಯಾದ ಕ್ಯಾಸ್ಕೇಡ್ ಬೆಟ್ಟಗಳಿಗೆ ಸಾಗಿಸಿದರು. ಹಿಡಿಯಲಾಗದೆ ಉಳಿದವುಗಳಲ್ಲಿ ಕೆಲವನ್ನು ಗುಂಡಿಟ್ಟು ಕೊಂದರು.

ಈ ವಿಷಯಕ್ಕೆ ನಮ್ಮ ಬಳಗದಲ್ಲಿ ಜೋರು ವಾದವೇ ನಡೆಯಿತು. "ಹೊರಗಿನಿಂದ ಬಂದದ್ದೇ ತಪ್ಪಾದರೆ ನಾವೆಲ್ಲ ಯಾರು?" ಎಂದರು ಒಬ್ಬರು. ನಗು ಬಂದರೂ ಮಾತು ಚುಚ್ಚಿತು. ಯೋಚಿಸಿದಾಗ ನಮಗೆ ಹೊಳೆದದ್ದಿಷ್ಟು: ಮೇಕೆ ತಾನಾಗಿ ಬಂದದ್ದಲ್ಲ, ತಂದವರು ಮನುಷ್ಯರು. ತಪ್ಪು ಅದರದ್ದಲ್ಲ. ಆದರೆ ಮೇಕೆಗೆ ಇನ್ನೊಂದು ಊರಿದೆ, ಈ ಗಿಡಗಳಿಗಿಲ್ಲ. ಅವು ಆಗಲೇ ಬೆಟ್ಟದ ತುದಿಯಲ್ಲಿವೆ. ಹವೆ ಬಿಸಿಯಾದಂತೆ ತಂಪು ಹುಡುಕಿ ಮೇಲೆ ಹೋಗೋಣವೆಂದರೆ ಮೇಲಿರುವುದು ಆಕಾಶ! ಇಲ್ಲಿಗೇ ಸೀಮಿತವಾದ ಐದು ಗಿಡಗಳನ್ನು ಕುರಿತು 2018ರಲ್ಲಿ ಪ್ರಕಟವಾದ ಅಧ್ಯಯನವೊಂದು, ಈ ಶತಮಾನದಲ್ಲೇ ಅವುಗಳ ನೆಲೆ ಬಹುಪಾಲು ಕುಗ್ಗಬಹುದೆಂದು ಅಂದಾಜು ಮಾಡಿದೆ.

ಹರಿಕೇನ್ ರಿಡ್ಜ್‌ನಲ್ಲಿ ಬಂಡೆ ಸಂದಿಯೊಂದರಲ್ಲಿ ಪೈಪರ್ಸ್ ಬೆಲ್‌ಫ್ಲವರ್ ನೋಡಿದೆವು. ನೀಲಿ ಹೂ, ಗರಗಸದಂಚಿನ ಪುಟ್ಟ ಎಲೆ. ಎಲ್ಲಿ ಎಂದು ಇಲ್ಲಿ ಬರೆಯುವುದಿಲ್ಲ, ಕೋಪಿಸಿಕೊಳ್ಳಬೇಡಿ. ಅಪರೂಪದ ಗಿಡಗಳ ನಿಖರ ಜಾಗವನ್ನು ಗುಟ್ಟಾಗಿಡಲು ಉದ್ಯಾನದವರಿಗೆ 1998ರ ಕಾನೂನೇ ಅವಕಾಶ ಕೊಟ್ಟಿದೆ. ಕೀಳುವವರಿಗಿಂತ ಪ್ರೀತಿಯಿಂದ ನೋಡಲು ಬಂದು ತುಳಿಯುವವರೇ ಹೆಚ್ಚಿರಬಹುದು, ನಮ್ಮನ್ನೂ ಸೇರಿಸಿ. ನೀವು ಹೋದಾಗ ದಾರಿ ಬಿಟ್ಟು ಕಾಲಿಡಬೇಡಿ. ಬರಿಯ ಕಲ್ಲು ಎನಿಸಿದ ಕಡೆಯೇ ಎಣಿಕೆಗೆ ಸಿಗಬೇಕಾದ ಎಳೆ ಸಸಿಯೊಂದು ಇರಬಹುದು.