ಚಾವಡಿ ಮತ್ತು ದುಭಾಷಿ: ಆದಿ ಫ್ರೆಂಚ್ ವಸಾಹತಿನ ದಂಡನೀತಿ

ಋಷಿಕೊಂಡದಿಂದ ತೆಂಕಣಕ್ಕೆ ಸಾಗುವ ಕಡಲ ದಂಡೆಯ ಮೇಲೆ ಫ್ರೆಂಚರ ಆಳ್ವಿಕೆಯ ಗುರುತು ಎರಡು ಬಗೆಯದು. 1757ರಲ್ಲಿ ಬುಸ್ಸಿಯ ಸೇನೆ ವಿಶಾಖಪಟ್ಟಣದ ಇಂಗ್ಲಿಷ್ ಕೋಠಿಯನ್ನು ವಶಪಡಿಸಿಕೊಂಡಿತು. ಆದರೆ 1759ರಲ್ಲಿ ಮಚಲೀಪಟ್ಟಣ ಕೈತಪ್ಪುವುದರೊಂದಿಗೆ ಉತ್ತರ ಸರ್ಕಾರುಗಳಲ್ಲಿ ಅವರ ಪ್ರಭುತ್ವ ಮುಗಿಯಿತು. ಗೋದಾವರಿ ಮುಖಜ ಭೂಮಿಯ ಯಾನಾಂ ಮಾತ್ರ, ನಡುವೆ ಕೆಲವು ಬಾರಿ ಕೈಬದಲಾದರೂ, 1954ರವರೆಗೆ ಅವರದಾಗಿ ಉಳಿಯಿತು. ಈ ಚಿಕ್ಕ ನೆಲೆಗಳೆಲ್ಲ ಪಾಂಡಿಚೇರಿಯ ಅಧೀನವಾಗಿದ್ದುದರಿಂದ, ಫ್ರೆಂಚರ ದಂಡನೀತಿಯ ಸ್ವರೂಪವನ್ನು ಅಲ್ಲಿಯೇ ಅರಸಬೇಕಾಗುತ್ತದೆ.

ಪಾಂಡಿಚೇರಿಯಲ್ಲಿ ನ್ಯಾಯಕ್ಕೆ ಎರಡು ಬಾಗಿಲುಗಳಿದ್ದುವು. ದೇಶೀಯರ ವ್ಯಾಜ್ಯಗಳನ್ನು ಕೇಳುತ್ತಿದ್ದ ನ್ಯಾಯಸ್ಥಾನದ ಹೆಸರು 'ಶೋದ್ರಿ'. ಇದು ಫ್ರೆಂಚರ ನಾಲಗೆಯಲ್ಲಿ ರೂಪಾಂತರ ಹೊಂದಿದ ನಮ್ಮ 'ಚಾವಡಿ'ಯೇ ಎಂಬುದು ಕನ್ನಡದ ಓದುಗರಿಗೆ ಸ್ವಾರಸ್ಯಕರ ಸಂಗತಿ. ಇದಕ್ಕಿಂತ ಮೇಲಿನದು 1701ರಲ್ಲಿ ಸ್ಥಾಪಿತವಾದ ಪರಮಾಧಿಕಾರ ಮಂಡಳಿ. ಗುರುತರ ಅಪರಾಧಗಳ ವಿಚಾರಣೆಗೆ ಆಧಾರವಾಗಿದ್ದುದು ಹದಿನಾಲ್ಕನೆಯ ಲೂಯಿ 1670ರಲ್ಲಿ ಹೊರಡಿಸಿದ ದಂಡಶಾಸನ. ಅದರ ಪ್ರಕಾರ ವಿಚಾರಣೆ ಗುಟ್ಟಾಗಿ ನಡೆಯತಕ್ಕದ್ದು. ಘೋರಾಪರಾಧದ ಆರೋಪಿಗೆ ಸಾಮಾನ್ಯವಾಗಿ ವಕೀಲನ ನೆರವಿಲ್ಲ. ಹೇಳಿಕೆಗಳು ಬರೆಹದಲ್ಲಿರಬೇಕು, ಆ ಬರೆಹದ ಭಾಷೆ ಫ್ರೆಂಚ್. ಫ್ರಾನ್ಸಿನಲ್ಲಿ ಇದು ಕೇವಲ ಕಠಿಣವಾಗಿ ಕಂಡಿದ್ದರೆ, ಕೋರಮಂಡಲ ತೀರದಲ್ಲಿ ಇನ್ನೊಂದು ತೊಡಕನ್ನೂ ತಂದೊಡ್ಡಿತು.

ನೈನಿಯಪ್ಪನ ಮೊಕದ್ದಮೆ ಇದಕ್ಕೆ ಸಾಕ್ಷಿ. ಈತ ಫ್ರೆಂಚ್ ಕಂಪೆನಿಯ ಮುಖ್ಯ ದಲ್ಲಾಳಿ. ಆ ಪಟ್ಟಣದ ಅತ್ಯಂತ ಪ್ರಭಾವಶಾಲಿ ದೇಶೀಯ. ಹಿಂದೂವಾದ ಈತನಿಗೆ ಆ ಪದವಿ ಸಲ್ಲದೆಂಬುದು ಜೆಸ್ವಿಟ್ ಪಾದ್ರಿಗಳ ಬಹುಕಾಲದ ಹಟ. 1716ರಲ್ಲಿ ಗವರ್ನರ್ ಎಬೇರ್ ಅವನನ್ನು ರಾಜದ್ರೋಹ ಮತ್ತು ದಬ್ಬಾಳಿಕೆಯ ಆರೋಪದ ಮೇಲೆ ಸೆರೆಹಿಡಿಸಿದನು. ವಿಚಾರಣೆಯ ಮಾತು ತಮಿಳು, ಪೋರ್ಚುಗೀಸ್, ಫ್ರೆಂಚ್ ಈ ಮೂರರ ನಡುವೆ ಹರಿದಾಡಿತು. ದುಭಾಷಿಯಾಗಿ ನಿಂತ ಮಾನುವೆಲ್ ಆ ಪಾದ್ರಿಗಳದೇ ಉಪದೇಶಿಯೊಬ್ಬನ ಮಗ. ಆರೋಪಿಗೆ ಫ್ರೆಂಚ್ ಬಾರದು; ನ್ಯಾಯಾಧೀಶರಿಗೆ ತಮಿಳು ಬಾರದು. ಹೀಗಿರುವಲ್ಲಿ ತೀರ್ಪಿನ ತಕ್ಕಡಿ ವಾಸ್ತವವಾಗಿ ಯಾರ ಕೈಯಲ್ಲಿತ್ತೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಶಿಕ್ಷೆ ಹೀಗಿತ್ತು: ಪೇಟೆಯಲ್ಲಿ ಜನರ ಕಣ್ಣೆದುರು 50 ಚಾಟಿಯೇಟು, ಮೂರು ವರ್ಷ ಸೆರೆ, 8,888 ವರಹ ದಂಡ, ಆಸ್ತಿಯ ಮುಟ್ಟುಗೋಲು, ಬಳಿಕ ಗಡೀಪಾರು. ಗಡೀಪಾರು ಮಕ್ಕಳಿಗೂ ತಗುಲಿತು. ನೋವು ಕೊಡುವುದಕ್ಕಿಂತ ಮಾನ ಕಳೆಯುವುದೇ ಇಲ್ಲಿ ದಂಡದ ಉದ್ದೇಶವಾಗಿತ್ತೆನ್ನಬೇಕು. ಮುಖ್ಯ ದಲ್ಲಾಳಿಯ ಬಂಡವಾಳವೆಂದರೆ ಪೇಟೆಯಲ್ಲಿ ಅವನಿಗಿದ್ದ ಮರ್ಯಾದೆಯೇ. 1717ರಲ್ಲಿ ನೈನಿಯಪ್ಪ ಸೆರೆಮನೆಯಲ್ಲಿಯೇ ತೀರಿಕೊಂಡನು.

ಮಗ ಗುರುವಪ್ಪ ಪ್ಯಾರಿಸ್ಸಿನವರೆಗೂ ಹೋಗಿ ಮೊರೆಯಿಟ್ಟನು. ತೀರ್ಪು ರದ್ದಾಯಿತು, ಎಬೇರ್ ಅದಕ್ಕೂ ಮುನ್ನವೇ ಪದಚ್ಯುತನಾಗಿದ್ದನು. ಗುರುವಪ್ಪ ಅಲ್ಲಿ ಕ್ರೈಸ್ತಮತವನ್ನು ಸ್ವೀಕರಿಸಿ, ಸಂತ ಮಿಶೆಲ್ ಪದಕ ಧರಿಸಿ ಮರಳಿದನು; ತಂದೆಯ ಪದವಿಯೂ ಅವನಿಗೆ ಒಲಿಯಿತು. ಆದರೆ 1724ರಲ್ಲಿ ಅವನೂ ಗತಿಸಿದನು.

ನೈನಿಯಪ್ಪನ ಸೋದರಳಿಯನೇ ಆನಂದರಂಗ ಪಿಳ್ಳೆ. 1747ರಲ್ಲಿ ಡೂಪ್ಲೆಯ ಮುಖ್ಯ ದುಭಾಷಿಯಾದ ಈತ 1736ರಿಂದಲೇ ದಿನಚರಿ ಬರೆಯತೊಡಗಿದ್ದನು. ಸೋದರಮಾವನ ಬಾಳನ್ನು ತೀರ್ಮಾನಿಸಿದ ಕಡತಗಳು ಫ್ರೆಂಚಿನಲ್ಲಿದ್ದರೆ, ಆ ಪಟ್ಟಣದ ಆಗುಹೋಗುಗಳನ್ನು ಅಳಿಯ ದಾಖಲಿಸಿದ್ದು ತಮಿಳಿನಲ್ಲಿ.