ನಿಮಗಿದು ಗೊತ್ತೇ? ನಂಜೇರಿದ ರಕ್ತದ ಸುಳಿವುಗಳು

ಶಹಾಬಾದದ ಕಲ್ಲುಗಣಿಯಲ್ಲಿ ಜಜ್ಜಿದ ಬೆರಳು, ವಾಡಿಯ ಸಿಮೆಂಟ್ ಕಾರ್ಮಿಕನ ನ್ಯುಮೋನಿಯಾ, ಚಿತ್ತಾಪುರದ ಅಜ್ಜಿಯ ಉರಿಮೂತ್ರ, ಸೇಡಂನ ಬಾಣಂತಿಯ ಜ್ವರ. ಸೆಪ್ಸಿಸ್ ಇವುಗಳಲ್ಲಿ ಯಾವುದರಿಂದಲೂ ಶುರುವಾಗಬಹುದು. ಆಗ ಜೀವ ತೆಗೆಯುವುದು ರೋಗಾಣು ಒಂದೇ ಅಲ್ಲ. ಅದರ ಮೇಲೆ ಬೀಳಲು ಹೋಗಿ ಹದ ತಪ್ಪಿದ ನಮ್ಮದೇ ರೋಗನಿರೋಧಕ ವ್ಯವಸ್ಥೆ ಕಿಡ್ನಿ, ಶ್ವಾಸಕೋಶಗಳನ್ನು ಕೆಡಿಸುತ್ತದೆ.

2017ರಲ್ಲಿ ಜಗತ್ತಿನಾದ್ಯಂತ ಸುಮಾರು 4.9 ಕೋಟಿ ಜನರಿಗೆ ಸೆಪ್ಸಿಸ್ ಆಗಿ, 1.1 ಕೋಟಿ ಜನ ಸತ್ತರೆಂಬ ಅಂದಾಜಿದೆ.

ಸೆಪ್ಸಿಸ್ ಸುಳಿವು ಕೊಡುವ ರಕ್ತದ ಪ್ರೋಟೀನುಗಳಲ್ಲಿ, ಕೊರೊನಾ ಕಾಲದಲ್ಲಿ ಮನೆಮಾತಾದ ಸಿಆರ್‌ಪಿ ಹೊಸದೇನಲ್ಲ. 1930ರಲ್ಲೇ ನ್ಯೂಯಾರ್ಕಿನಲ್ಲಿ ನ್ಯುಮೋನಿಯಾ ರೋಗಿಗಳ ರಕ್ತದಲ್ಲಿ ಸಿಕ್ಕಿತ್ತು. ಆದರೆ ಆಪರೇಷನ್ ಆದರೂ ಏರುತ್ತದೆ, ಸಂಧಿವಾತಕ್ಕೂ ಏರುತ್ತದೆ. ಊರ ನಾಯಿಯಂತೆ ಯಾರು ಬಂದರೂ ಬೊಗಳುತ್ತದೆ.

ಪ್ರೊಕ್ಯಾಲ್ಸಿಟೋನಿನ್ ಇನ್ನೂ ವಿಚಿತ್ರ. ಅದು ಥೈರಾಯ್ಡ್ ಗ್ರಂಥಿಯ ಹಾರ್ಮೋನೊಂದರ ಪೂರ್ವರೂಪ, ಆರೋಗ್ಯವಂತರ ರಕ್ತದಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಬ್ಯಾಕ್ಟೀರಿಯಾ ಸೋಂಕು ಜೋರಾದರೆ ಥೈರಾಯ್ಡಿಗೆ ಸಂಬಂಧವೇ ಇಲ್ಲದ ಅಂಗಗಳೂ ಅದನ್ನು ಸುರಿಸತೊಡಗುತ್ತವೆ! ಔಷಧ ಹಿಡಿದರೆ ಹೆಚ್ಚುಕಮ್ಮಿ ದಿನಕ್ಕೆ ಅರ್ಧದಷ್ಟು ಇಳಿಯುತ್ತದೆ. ಶೇ. 80ರಷ್ಟು ಇಳಿದರೆ ಆ್ಯಂಟಿಬಯಾಟಿಕ್ ನಿಲ್ಲಿಸುವ ಯೋಚನೆ ಮಾಡಬಹುದು. ಶುರು ಮಾಡಲು ಮಾತ್ರ ಇದರ ವರದಿಗೆ ಕಾಯಬಾರದು ಎನ್ನುತ್ತದೆ 2021ರ ಅಂತರರಾಷ್ಟ್ರೀಯ ಮಾರ್ಗಸೂಚಿ. ಮಲೇರಿಯಾದಲ್ಲೂ ಇದು ಏರುವುದುಂಟು, ನೆನಪಿರಲಿ.

ಸೆಪ್ಸಿಸ್ ಆಗಿ ಐಸಿಯು ಸೇರಿದ ಎಲ್ಲರ ದೇಹವೂ ಉರಿದು ಬೀಳುತ್ತಿರುತ್ತದೆ ಎಂದುಕೊಂಡಿರಾ? ಕೆಲವರ ರೋಗನಿರೋಧಕ ವ್ಯವಸ್ಥೆ ಆಗಲೇ ಸೋತು ಕೈಚೆಲ್ಲಿರುತ್ತದೆ. ಮೊನೊಸೈಟ್ ಎಂಬ ಬಿಳಿರಕ್ತಕಣದ ಮೈಮೇಲೆ ಎಚ್‌ಎಲ್‌ಎ-ಡಿಆರ್ ಎಂಬ ಪ್ರೋಟೀನ್ ಇರುತ್ತದೆ; ರೋಗಾಣುವಿನ ತುಣುಕನ್ನು ಉಳಿದ ಕಣಗಳಿಗೆ ತೋರಿಸುವುದು ಅದರ ಕೆಲಸ. ಅದು ದಿನಗಟ್ಟಲೆ ಕಡಿಮೆಯೇ ಇದ್ದರೆ ರೋಗಿಗೆ ಆಸ್ಪತ್ರೆಯಲ್ಲೇ ಎರಡನೇ ಸೋಂಕು ತಗಲುವ ಭಯ ಹೆಚ್ಚು. ಉರಿಯೂತ ತಗ್ಗಿಸುವ ಔಷಧಗಳನ್ನು 1990ರ ದಶಕದಲ್ಲಿ ಎಲ್ಲರಿಗೂ ಒಂದೇ ಬಗೆಯಲ್ಲಿ ಕೊಟ್ಟು ನೋಡಿದರು, ನಿರೀಕ್ಷಿಸಿದ ಫಲ ಸಿಗಲಿಲ್ಲ. ಅದಕ್ಕೆ ಈ ಭೇದವೂ ಒಂದು ಕಾರಣವೆಂದು ಈಗಿನವರ ತರ್ಕ. ಎಚ್‌ಎಲ್‌ಎ-ಡಿಆರ್ ಪರೀಕ್ಷೆಗೆ ಫ್ಲೋ ಸೈಟೋಮೀಟರ್ ಯಂತ್ರ ಬೇಕು, ರಕ್ತವನ್ನು ತಣ್ಣಗಿಟ್ಟು ಕೆಲವೇ ಗಂಟೆಗಳಲ್ಲಿ ಮುಟ್ಟಿಸಬೇಕು. ಸಾಮಾನ್ಯ ರಕ್ತಕಣ ಎಣಿಕೆಯಲ್ಲಿ (ಸಿಬಿಸಿ) ಲಿಂಫೊಸೈಟ್ ಎಂಬ ಬಿಳಿರಕ್ತಕಣದ ಸಂಖ್ಯೆ ನಾಲ್ಕು ದಿನವಾದರೂ ಮೇಲೇಳದಿದ್ದರೆ ಅದೂ ಇಂಥದೇ ಸುಳಿವು. ಅದಕ್ಕೆ ದೊಡ್ಡ ಲ್ಯಾಬ್ ಬೇಕಿಲ್ಲ.

ಸೆಪ್ಸಿಸ್‌ನಿಂದ ಬಿಪಿ ಕುಸಿದು ಸೆಪ್ಟಿಕ್ ಶಾಕ್ ಆದವರಿಗೆ ಮೊದಲ ಆ್ಯಂಟಿಬಯಾಟಿಕ್ ಒಂದು ಗಂಟೆಯೊಳಗೆ ಬೀಳಬೇಕು. ಚಿಂಚೋಳಿಯಿಂದ ಹೊರಟ ಆಂಬುಲೆನ್ಸ್ ಕಲಬುರಗಿ ಮುಟ್ಟುವಷ್ಟರಲ್ಲಿ ಆ ಗಂಟೆ ಕಳೆದಿರುತ್ತದೆ. ಏದುಸಿರು, ತಡವರಿಸುವ ಮಾತು, ಕುಸಿದ ಬಿಪಿ, ಕಡಿಮೆಯಾದ ಮೂತ್ರ ಕಂಡರೆ ರೋಗಾಣು ಪತ್ತೆಯ ಕಲ್ಚರ್‌ಗೆ ರಕ್ತ ತೆಗೆದಿಟ್ಟು, ಮೊದಲ ಇಂಜೆಕ್ಷನ್ ತಾಲ್ಲೂಕು ಆಸ್ಪತ್ರೆಯಲ್ಲೇ ಕೊಟ್ಟು ಕಳಿಸುವುದು ಜಾಣತನ.